ತಿರುವಿಗೆ ಮುಂಚಿನ ಮಾತು

ಡೆನಿಸ್ ಜೆಂಕಿನ್ಸನ್‌ನ ಪ್ರಬಂಧವನ್ನು ಮೊದಲ ಸಲ ಓದಿದಾಗ ಅದನ್ನು ಸಾಹಿತ್ಯವೆಂದು ನಾನು ಒಪ್ಪಿರಲಿಲ್ಲ. ಚಿಕ್ಕಮಗಳೂರಿನ ಹತ್ತಿರದ ಕಾಫಿ ತೋಟವೊಂದರ ಮಣ್ಣುರಸ್ತೆಯಲ್ಲಿ ಟಯರು ಒಡೆದು ಕೂತ ಮೇಲೆ ಒಪ್ಪಿದೆ.

ಪ್ರಬಂಧ ಬಂದದ್ದು 1955ರ ಜೂನ್‌ನಲ್ಲಿ, ಇಂಗ್ಲೆಂಡಿನ 'ಮೋಟರ್ ಸ್ಪೋರ್ಟ್' ಪತ್ರಿಕೆಯಲ್ಲಿ. ಆ ವರ್ಷ ಇಟಲಿಯ ಸಾವಿರ ಮೈಲಿಗಳ ರಸ್ತೆ ಪಂದ್ಯ ಮಿಲ್ಲೆ ಮಿಲಿಯಾದಲ್ಲಿ ಸ್ಟರ್ಲಿಂಗ್ ಮಾಸ್ ಮರ್ಸಿಡಿಸ್ ಓಡಿಸಿದ. ಪಕ್ಕದಲ್ಲಿ ಕೂತಿದ್ದವನು ಪತ್ರಕರ್ತ ಜೆಂಕಿನ್ಸನ್. ಮೊದಲೇ ಆ ದಾರಿಯಲ್ಲಿ ಓಡಾಡಿ, ತಿರುವುಗಳನ್ನು ಅಪಾಯದ ಮಟ್ಟ ನೋಡಿ ವಿಂಗಡಿಸಿ, ಸುಮಾರು 5 ಮೀಟರ್ ಉದ್ದದ ಕಾಗದದ ಸುರುಳಿಯಲ್ಲಿ ಬರೆದುಕೊಂಡಿದ್ದ. ಇಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸದು. ಅದಕ್ಕೇ ಎಲ್ಲವನ್ನೂ ಕೈಸನ್ನೆಯಲ್ಲಿ ಹೇಳಿದ. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಗೆದ್ದರು.

ಪ್ರಬಂಧದ ಕೊರತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಅದರಲ್ಲಿ ರಸ್ತೆಬದಿಯ ಜನ ಬರುತ್ತಾರೆ, ಆದರೆ ಹಿನ್ನೆಲೆಯ ಗದ್ದಲವಾಗಿ ಮಾತ್ರ. 1957ರಲ್ಲಿ ಅದೇ ಪಂದ್ಯದ ಕಾರೊಂದು ಪ್ರೇಕ್ಷಕರ ಮೇಲೆ ನುಗ್ಗಿತು. ಸತ್ತವರಲ್ಲಿ ಮಕ್ಕಳೂ ಇದ್ದರು. ಇದು ಗೊತ್ತಿದ್ದು ಓದುವವರಿಗೆ ಆ ಉತ್ಸಾಹ ಅಲ್ಲಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇಷ್ಟಾದರೂ ಅದು ವೇಗದ ಸ್ತೋತ್ರವಲ್ಲ. 1909ರ ಪ್ರಣಾಳಿಕೆಯಲ್ಲಿ ಇಟಲಿಯ ಕವಿ ಮರಿನೆಟ್ಟಿ ರೇಸ್ ಕಾರನ್ನು ಪ್ರಾಚೀನ ಶಿಲ್ಪಕ್ಕಿಂತ ಸುಂದರವೆಂದು ಹೊಗಳಿದ. ಆ ಕಾರಿಗೆ ಎದುರಾಗುವ ತಿರುವಿಲ್ಲ, ಪಕ್ಕದ ಸೀಟಿನಲ್ಲಿ ಮನುಷ್ಯನೂ ಇಲ್ಲ. ಜೆಂಕಿನ್ಸನ್ ತಾನು ವಾಂತಿ ಮಾಡಲು ಬಗ್ಗಿ ಕನ್ನಡಕ ಕಳೆದುಕೊಂಡದ್ದನ್ನೂ ಬರೆಯುತ್ತಾನೆ. ಆಚೆ ಏನಿದೆಯೆಂದು ಕಾಣದ ಏರನ್ನು ಮಾಸ್ ವೇಗ ತಗ್ಗಿಸದೆ ಹತ್ತುವುದು ಇವನ ಸನ್ನೆಯನ್ನು ನಂಬಿ. ಬರೆದಿಟ್ಟ ಮಾತನ್ನು ಒಬ್ಬನು ಅಷ್ಟರಮಟ್ಟಿಗೆ ನಂಬುವುದು, ಇದೇ ಪ್ರಬಂಧದ ನಿಜವಾದ ವಸ್ತು.

ಅದು ನನಗೆ ತಿಳಿದದ್ದು ಹೆಂಡತಿಯ ತಮ್ಮನಿಂದ. ಅವನು ಹವ್ಯಾಸಿ. ವಾರವಿಡೀ ಕೆಲಸ ಮಾಡಿ ಭಾನುವಾರ ಹಳೆಯ ಕಾರನ್ನು ಆಟೋಕ್ರಾಸ್ ಮೈದಾನಕ್ಕೆ ಒಯ್ಯುತ್ತಾನೆ. ಅಲ್ಲಿ ಒಬ್ಬನೇ ನಡೆದು ನೋಡಿ, ಕೋನ್‌ಗಳ ನಡುವಿನ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಕೋನ್ ಬಿದ್ದರೆ ದಂಡವಾಗಿ ಸೆಕೆಂಡುಗಳು ಸೇರುತ್ತವೆ, ಅಷ್ಟೆ. ರ್‍ಯಾಲಿಗೆ ಮಾತ್ರ ಓದಿ ಹೇಳುವವರು ಬೇಕು. ಪರಿಚಯದವರ ತೋಟದಲ್ಲಿ ಗೇಟು ಮುಚ್ಚಿ ಅಭ್ಯಾಸಕ್ಕೆ ಇಳಿದ ದಿನ ಆ ಕೆಲಸ ನನಗೆ ಬಂತು.

ಮೊದಲು ನಿಧಾನವಾಗಿ ಹೋಗಿ ನೋಟ್ಸ್ ಬರೆದೆವು. 'ನೂರು, ಬಲ ನಾಲ್ಕು' ಎಂದರೆ ನೂರು ಮೀಟರ್ ಆದಮೇಲೆ ಬಲಕ್ಕೆ ನಾಲ್ಕನೇ ದರ್ಜೆಯ ತಿರುವು. ಅವನ ಪದ್ಧತಿಯಲ್ಲಿ ಒಂದು ತೀರಾ ಬಿಗಿ, ಆರು ಸಲೀಸು. ನಾನು ಒಂದು ಕಡೆ 'ಹಾವಿನಂತೆ ಬಳುಕುವ ಇಳಿಜಾರು' ಎಂದು ಬರೆದಿದ್ದೆ. ಅವನು ಅದನ್ನು ಹೊಡೆದುಹಾಕಿದ. 'ಭಾವ, ಚಂದ ಬರೀಬೇಡಿ. ಬೇಗ ಓದೋ ಹಾಗೆ ಬರೀರಿ.'

ಆಮೇಲೆ ವೇಗವಾಗಿ ಹೊರಟೆವು. ಒಂದು ಎಡ ತಿರುವಿನ ಒಳಬದಿಯಲ್ಲಿ ಕಲ್ಲಿತ್ತು. ಪುಸ್ತಕದಲ್ಲಿದ್ದದ್ದು 'ಡೋಂಟ್ ಕಟ್'. ಗಾಬರಿಯಲ್ಲಿ ನನ್ನ ಬಾಯಿಗೆ ಕನ್ನಡ ಬಂತು: 'ಒಳಗೆ ತಗೋಬೇಡ.' 'ಒಳಗೆ ತಗೋ' ಎನ್ನುವಷ್ಟರಲ್ಲಿ ಅವನು ತಗೊಂಡಾಗಿತ್ತು. 'ಬೇಡ' ಅವನ ಕಿವಿಗೆ ಬಿದ್ದದ್ದು ಟಯರಿನ ಸದ್ದಿನ ಜೊತೆಗೆ.

ಕಾರು ಚರಂಡಿಯ ಅಂಚಿನಲ್ಲಿ ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ನನ್ನ ಕೈ ಬಹಳ ಹೊತ್ತು ನಡುಗುತ್ತಿತ್ತು. ನನ್ನ ಒಂದು ವಾಕ್ಯ ಇನ್ನೊಬ್ಬರ ಮೈಗೆ ತಾಗಬಹುದೆಂದು ಇಷ್ಟು ವರ್ಷ ಬರೆದರೂ ನನಗೆ ಅನ್ನಿಸಿರಲಿಲ್ಲ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧ ಅದರ ಬಾಲಕ್ಕೆ. ಹಾಗೆಂದು ತಪ್ಪನ್ನು ಭಾಷೆಯ ಮೇಲೆ ಹಾಕಲಾರೆ. ಒಲೆಯ ಕಡೆ ಹೋಗುವ ಮಗುವಿಗೆ ಯಾವ ತಾಯಿಯೂ ಪೂರ್ತಿ ವಾಕ್ಯ ಹೇಳುವುದಿಲ್ಲ. 'ಬೇಡ ಬೇಡ' ಎಂದೇ ಕೂಗುತ್ತಾಳೆ. ವಾಕ್ಯವನ್ನು ತಿರುಗಿಸುವ ಶಕ್ತಿ ಕನ್ನಡಕ್ಕಿದೆ, ನನಗೆ ಹೊಳೆಯಲಿಲ್ಲ. ವಿಮರ್ಶೆಯಲ್ಲೂ ನನ್ನದು ಇದೇ ಚಾಳಿ. ನಾಲ್ಕು ಪ್ಯಾರಾ ಮೆಚ್ಚುಗೆ ಬರೆದು, 'ಆದರೆ' ಎಂಬುದನ್ನು ಕೊನೆಯ ಸಾಲಿಗೆ ಉಳಿಸುತ್ತೇನೆ. ಅಷ್ಟರಲ್ಲಿ ಓದುಗರು ಪುಸ್ತಕ ಕೊಂಡಾಗಿರುತ್ತದೆ.

ಚಕ್ರ ಬದಲಿಸಿ ಕೈ ಒರೆಸಿಕೊಳ್ಳುತ್ತಾ ಅವನು ಹೇಳಿದ: 'ಭಾವ, ಬೇಡ ಅನ್ನೋದನ್ನ ಮೊದಲು ಹೇಳಿ.' ಪೆನ್ಸಿಲ್ ತೆಗೆದು ಅಂಚಿನಲ್ಲಿ ಬರೆದೆ: 'ಬೇಡ. ಒಳಗೆ ಕಲ್ಲು.' ಮುಂದಿನ ಸುತ್ತಿನಲ್ಲಿ ಅದನ್ನೇ ಓದಿದೆ. ಅವನು ಹೊರಗಿನಿಂದ ತಿರುಗಿಸಿದ.