ನಡುಕ ಬೇರೆ, ಸುಸ್ತು ಬೇರೆ

“ಗಾಡಿ ನಡುಗುತ್ತೆ, ಪಿಕಪ್ಪೂ ಇಲ್ಲ.” ಹಳೆಯ ಯೆಜ್ಡಿ ಬೈಕ್ ಇಟ್ಟುಕೊಂಡವರ ದೂರು ಹೀಗೆ ಜೋಡಿಯಾಗಿಯೇ ಬರುತ್ತದೆ. ಉತ್ತರವೂ ರೆಡಿ: “ಬೋರ್ ಹೋಗಿದೆ ಸಾರ್, ಎಂಜಿನ್ ಇಳಿಸಿಬಿಡೋಣ.” ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆವರೆಗೆ ಯಾವ ಗ್ಯಾರೇಜಿನ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಎರಡು ದೂರಿಗೆ ಒಂದೇ ಕಾರಣ ಹೇಳಿಬಿಟ್ಟರೆ ಇಬ್ಬರಿಗೂ ಸಮಾಧಾನ. ಆದರೆ ಟೂ ಸ್ಟ್ರೋಕ್ ಗಾಡಿಗಳಲ್ಲಿ ಎಷ್ಟೋ ಸಲ ನಡುಕ ಹುಟ್ಟುವ ಜಾಗ ಒಂದು, ಸುಸ್ತು ಹುಟ್ಟುವ ಜಾಗ ಇನ್ನೊಂದು. ಎರಡನ್ನೂ ಬಿಡಿಸಿ ನೋಡದೆ ಸ್ಪ್ಯಾನರ್ ಹಿಡಿದರೆ ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ.

ಕಂಪನದ ಮೂಲ ಹುಡುಕುವ ವಿದ್ಯೆ ಕೆಜಿಎಫ್‌ಗೆ ಹೊಸದೇನಲ್ಲ. ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿದರೆ ಮೇಲೆ ಮನೆಗಳು ಅದುರುತ್ತಿದ್ದವು. ಊರಿನವರ ಬಾಯಲ್ಲಿ ಅದು ‘ಏರ್ ಬ್ಲಾಸ್ಟ್’. ಗಣಿಯವರು ಅಲ್ಲಲ್ಲಿ ಕಂಪನಮಾಪಕಗಳನ್ನಿಟ್ಟು, ಅಲೆ ಯಾವುದಕ್ಕೆ ಮೊದಲು ಮುಟ್ಟಿತು, ಯಾವುದಕ್ಕೆ ಆಮೇಲೆ ಮುಟ್ಟಿತು ಎಂಬ ಲೆಕ್ಕದಿಂದ ಸಿಡಿದ ಜಾಗವನ್ನು ಗುರುತಿಸುತ್ತಿದ್ದರು. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ 1988ರಲ್ಲಿ ಶುರುವಾದದ್ದೂ ಈ ಊರಿನಲ್ಲೇ. ಗಣಿ 2001ರಲ್ಲಿ ಮುಚ್ಚಿತು, ಆದರೆ ಆ ಕ್ರಮ ಮೋಟಾರ್‌ಸೈಕಲ್ಲಿಗೂ ಹೊಂದುತ್ತದೆ. ಎಷ್ಟು ಜೋರಾಗಿ ನಡುಗುತ್ತದೆ ಎನ್ನುವುದಕ್ಕಿಂತ ಎಲ್ಲಿ, ಯಾವಾಗ ನಡುಗುತ್ತದೆ ಎನ್ನುವುದನ್ನು ಮೊದಲು ಕೇಳಬೇಕು.

ಅದಕ್ಕೂ ಮುಂಚೆ, ಆರೋಗ್ಯವಾಗಿರುವ ಯೆಜ್ಡಿ ಎಷ್ಟು ನಡುಗಬೇಕು ಎಂಬುದು ಗೊತ್ತಿರಬೇಕು. 250 ಸಿಸಿಯ ಈ ಎಂಜಿನ್ನಿನಲ್ಲಿ ಪಿಸ್ಟನ್ 75 ಮಿ.ಮೀ. ಮೇಲೆ ಕೆಳಗೆ ಓಡಾಡುತ್ತದೆ. ನಿಮಿಷಕ್ಕೆ 4500 ಸುತ್ತು ಎಂದರೆ ಸೆಕೆಂಡಿಗೆ 75 ಸಲ ಮೇಲೆ ಹೋಗಿ 75 ಸಲ ಕೆಳಗೆ ಬರಬೇಕು. ಕ್ರಾಂಕಿನ ತೂಕ ಈ ಹೊಡೆತದಲ್ಲಿ ಒಂದು ಪಾಲನ್ನಷ್ಟೇ ಸರಿದೂಗಿಸುತ್ತದೆ. ಉಳಿದದ್ದು ಹ್ಯಾಂಡಲ್, ಫುಟ್‌ರೆಸ್ಟ್, ಸೀಟಿಗೆ ಬಂದೇ ಬರುತ್ತದೆ. ಒಂಟಿ ಸಿಲಿಂಡರಿನ ಹುಟ್ಟುಗುಣ ಅದು. ಒಂದು ವೇಗದಲ್ಲಿ ಕನ್ನಡಿ ಮಸುಕಾಗಿ, ಅದನ್ನು ದಾಟಿದ ಮೇಲೆ ಮತ್ತೆ ತಿಳಿಯಾಗುವುದು ರೋಗವಲ್ಲ. ನಿನ್ನೆ ಇಲ್ಲದ ನಡುಕ ಇವತ್ತು ಬಂದಿದ್ದರೆ ಮಾತ್ರ ಯೋಚಿಸಬೇಕು.

ಪರೀಕ್ಷೆ ಮೂರೇ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ನಿಧಾನವಾಗಿ ರೇಸ್ ಮಾಡಿ. ನಿಂತಲ್ಲೇ ನಡುಗಿದರೆ ಎಂಜಿನ್ ಅಥವಾ ಅದನ್ನು ಹಿಡಿದಿಟ್ಟ ಬೋಲ್ಟುಗಳ ಕಡೆ ನೋಡಿ. ಓಡುವಾಗ ಮಾತ್ರ ನಡುಗುವುದಾದರೆ ಖಾಲಿ ರಸ್ತೆಯಲ್ಲಿ ಕ್ಲಚ್ ಹಿಡಿದು, ಎಂಜಿನ್ನನ್ನು ಐಡ್ಲಿಂಗ್‌ಗೆ ಬಿಟ್ಟು ಉರುಳಿಸಿ. ಆಗಲೂ ನಡುಕ ಉಳಿದರೆ ಚಕ್ರ, ಟೈರು, ಹಿಂದಿನ ಫೋರ್ಕ್ ಬುಷ್, ಚೈನು. ಯೆಜ್ಡಿಯ ಚೈನು ಪೂರ್ತಿ ಮುಚ್ಚಿದ ಕವರಿನೊಳಗೆ ಇರುವುದರಿಂದ ಸಡಿಲವಾಗಿದ್ದರೂ ಕಣ್ಣಿಗೆ ಬೀಳುವುದಿಲ್ಲ, ತೆಗೆದೇ ನೋಡಬೇಕು. ಮೂರನೆಯದು, ಒಂದೇ ವೇಗದಲ್ಲಿ ಒಮ್ಮೆ ಮೂರನೇ ಗೇರಿನಲ್ಲಿ, ಒಮ್ಮೆ ನಾಲ್ಕನೆಯದರಲ್ಲಿ ಹೋಗಿ. ಗೇರು ಬದಲಾದಾಗ ನಡುಕವೂ ಬದಲಾದರೆ ಎಂಜಿನ್ ಕಡೆಯದು. ಬದಲಾಗದಿದ್ದರೆ ಚಕ್ರದ ಕಡೆಯದು. ಇಷ್ಟಕ್ಕೆ ಅರ್ಧ ಗಂಟೆ ಸಾಕು, ಖರ್ಚು ಸ್ವಲ್ಪ ಪೆಟ್ರೋಲು.

ಬಂಗಾರಪೇಟೆಯ ಗೆಳೆಯರೊಬ್ಬರ ಯೆಜ್ಡಿ ರೋಡ್ ಕಿಂಗ್‌ಗೂ ಬೋರ್ ಮಾಡಿಸಬೇಕೆಂಬ ತೀರ್ಪು ಬಂದಿತ್ತು. ನಿಂತಲ್ಲೇ ರೇಸ್ ಮಾಡಿದರೆ ಫುಟ್‌ರೆಸ್ಟ್ ಜುಮ್ಮೆನ್ನುತ್ತಿತ್ತು. ತೋರುಬೆರಳನ್ನು ಅರ್ಧ ಎಂಜಿನ್ನಿನ ಮೇಲೆ, ಅರ್ಧ ಚಾಸಿಯ ಮೇಲೆ ಬರುವಂತೆ ಇಟ್ಟು ಒಂದೊಂದೇ ಬೋಲ್ಟಿನ ಬಳಿ ನೋಡುತ್ತ ಬಂದೆವು. ಹಿಂದಿನ ಬೋಲ್ಟಿನ ಹತ್ತಿರ ಬೆರಳಿನ ಎರಡು ಭಾಗಕ್ಕೂ ಎರಡು ಬೇರೆ ಅದುರು ಸಿಕ್ಕಿತು. ಟಾರ್ಚ್ ಹಾಕಿದರೆ ನಟ್ಟಿನ ಸುತ್ತ ಕುಂಕುಮದಂಥ ತುಕ್ಕಿನ ಪುಡಿ. ಕಬ್ಬಿಣ ಕಬ್ಬಿಣವನ್ನು ಉಜ್ಜಿದಾಗ ಬೀಳುವ ಪುಡಿ ಅದು, ಸಡಿಲವಾಗಿ ಎಷ್ಟೋ ಕಾಲವಾಯಿತು ಎನ್ನುವುದಕ್ಕೆ ಸಾಕ್ಷಿ. ಹೊಸ ಬೋಲ್ಟು, ಸ್ಪ್ರಿಂಗ್ ವಾಷರ್ ಹಾಕಿ ಬಿಗಿದದ್ದೇ ನಡುಕ ಹೋಯಿತು.

ಪಿಕಪ್ ಮಾತ್ರ ಬರಲಿಲ್ಲ. ರೋಡ್ ಕಿಂಗ್‌ಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಎಂಜಿನ್ ಓಡುತ್ತಿರುವಾಗ ಎರಡರ ಬಾಯಿಗೂ ಸ್ವಲ್ಪ ದೂರದಲ್ಲಿ ಅಂಗೈ ಹಿಡಿದರೆ ಬಲಗಡೆ ಹೊಗೆ ಒದೆಯುತ್ತಿತ್ತು, ಎಡಗಡೆ ಬರೀ ಬಿಸಿ ಉಸಿರು. ಒಳಗಿನ ಬ್ಯಾಫಲ್ ಎಳೆದು ತೆಗೆದರೆ ತೂತುಗಳೆಲ್ಲ ಟಾರಿನಂಥ ಕಾರ್ಬನ್ನಿನಿಂದ ಮುಚ್ಚಿಹೋಗಿದ್ದವು. ಗಾಡಿ ಊರೊಳಗಿನ ಓಡಾಟಕ್ಕಷ್ಟೇ. ಸ್ಟೇಷನ್ನಿನಿಂದ ಪಾನಿಪೂರಿ ಅಂಗಡಿಗೆ, ಅಲ್ಲಿಂದ ಮನೆಗೆ. ಎಂಜಿನ್ ಸರಿಯಾಗಿ ಕಾಯುವಷ್ಟು ದೂರ ಹೋಗುವುದೇ ಇಲ್ಲ. ಜೊತೆಗೆ ಲೀಟರಿಗೆ 40 ಮಿ.ಲೀ. ಸಾಕಾಗುವಲ್ಲಿ ಮಾಲೀಕರು ಪ್ರೀತಿಯಿಂದ ಇನ್ನಷ್ಟು ಆಯಿಲ್ ಸುರಿಯುತ್ತಿದ್ದರು. ಬ್ಯಾಫಲ್ ಸುಟ್ಟು, ಕೆರೆದು, ಹಾಕಿದ ಮೇಲೆ ಗಾಡಿ ಎಳೆಯಿತು. ದೂರು ಎರಡು, ಕಾರಣವೂ ಎರಡು. ಬೋರ್ ಎರಡರಲ್ಲೂ ಇರಲಿಲ್ಲ.

ಸುಸ್ತಿಗೂ ಸಮಯ ಸಂದರ್ಭ ಉಂಟು. ಬೆಳಗ್ಗೆ ಚೆನ್ನಾಗಿ ಹೊರಟು, ಬೇತಮಂಗಲದ ದಾರಿಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಸೊರಗಿದರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ಸೆಂದು ಗಾಳಿ ಎಳೆದುಕೊಂಡರೆ ಮುಚ್ಚಳದ ಗಾಳಿತೂತು ಕಟ್ಟಿದೆ, ಪೆಟ್ರೋಲು ಇಳಿಯುತ್ತಿಲ್ಲ. ಬಿಸಿಯಾದಾಗ ಮಾತ್ರ ಮಿಸ್ಸಿಂಗ್ ಹೊಡೆದು, ತಣ್ಣಗಾದ ಮೇಲೆ ಸರಿಹೋದರೆ ಕಾಯಿಲ್, ಕಂಡೆನ್ಸರ್ ಮೇಲೆ ಅನುಮಾನ. ಎಂಜಿನ್ ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗದು ಎಂದರೆ ಕ್ಲಚ್ ಜಾರುತ್ತಿದೆ. ಏನೂ ಕಾಣದಿದ್ದರೆ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ: ಬ್ರೇಕ್ ಹಿಡಿದುಕೊಂಡಿದ್ದರೆ ಎಂಜಿನ್ ಪಾಪ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಪ್ಲಗ್ ಬಿಚ್ಚಿದರೆ ಅದೂ ಒಂದಿಷ್ಟು ಹೇಳುತ್ತದೆ. ಚಾಕೊಲೇಟ್ ಬಣ್ಣ ಇದ್ದರೆ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲು ಇಲ್ಲವೇ ಆಯಿಲ್ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಎಲ್ಲಿಂದಲೋ ಹೆಚ್ಚಿನ ಗಾಳಿ ನುಗ್ಗುತ್ತಿದೆ. ಕ್ರಾಂಕಿನ ಬಲಗಡೆಯ ಆಯಿಲ್ ಸೀಲ್ ಹೋದರೆ ಹೀಗಾಗುತ್ತದೆ, ಎಂಜಿನ್ ಸೀಜ್ ಆಗುವ ಅಪಾಯವೂ ಉಂಟು. ಎಡಗಡೆಯ ಸೀಲ್ ಹೋದರೆ ಕತೆ ಬೇರೆ: ಎಂಜಿನ್ ಗೇರ್ ಆಯಿಲನ್ನೇ ಹೀರಿ ದಟ್ಟ ಬಿಳಿ ಹೊಗೆ ಬಿಡುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುವುದರಿಂದ, ಹಳೆಯ ಜೆಟ್‌ನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕ್, ಕಾರ್ಬುರೇಟರ್ ಖಾಲಿ ಮಾಡುವುದು ಒಳ್ಳೆಯದು. ಬಲಗಡೆಯ ಕವರಿನೊಳಗಿರುವ ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇದೆಯೇ ಎಂದು ನೋಡಲು ಒಂದು ಫೀಲರ್ ಗೇಜ್ ಸಾಕು.

ಮಲ್ಪೆ, ಗಂಗೊಳ್ಳಿ ಕಡೆಯ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ನಿಗೂ ತರ್ಕ ಇದೇ. ನ್ಯೂಟ್ರಲ್‌ನಲ್ಲಿ ನಡುಗದೆ ಗೇರಿಗೆ ಹಾಕಿದಾಗ ನಡುಗಿದರೆ ಪ್ರೊಪೆಲ್ಲರ್ ನೋಡಬೇಕು. ಎಲೆಯೊಂದು ಕಲ್ಲಿಗೆ ತಾಗಿ ಬಾಗಿದ್ದರೆ ನಡುಕವೂ ಬರುತ್ತದೆ, ವೇಗವೂ ಇಳಿಯುತ್ತದೆ. ಎರಡು ದೂರಿಗೂ ಒಂದೇ ಕಾರಣವಿರುವ ಅಪರೂಪದ ಪ್ರಸಂಗ ಇದು. ಆದರೂ ಕಾರಣ ಎಂಜಿನ್ನಿನೊಳಗೆ ಇಲ್ಲ.

ಇನ್ನು, ಎಂಜಿನ್ ಕೆಲಸ ಮಾಡಿಸಿದ ಮೇಲೆ ಹೊಸದಾಗಿ ಹುಟ್ಟುವ ನಡುಕ. ಕನೆಕ್ಟಿಂಗ್ ರಾಡ್ ಬದಲಿಸುವಾಗ ಕ್ರಾಂಕನ್ನು ಒತ್ತಿ ಎರಡು ಹೋಳು ಮಾಡಿ ಮತ್ತೆ ಸೇರಿಸುತ್ತಾರೆ. ಎರಡೂ ಪಕ್ಕ ಒಂದೇ ಗೆರೆಯಲ್ಲಿ ಕೂರದಿದ್ದರೆ ಕ್ರಾಂಕ್ ನಡುಗುತ್ತದೆ, ಬೇರಿಂಗ್, ಸೀಲ್ ಎರಡನ್ನೂ ತಿನ್ನುತ್ತದೆ. ಲೇಥಿನ ಎರಡು ಸೆಂಟರುಗಳ ನಡುವೆ ಕೂರಿಸಿ, ಡಯಲ್ ಗೇಜ್ ಇಟ್ಟು, ತಾಮ್ರದ ಸುತ್ತಿಗೆಯಲ್ಲಿ ತಟ್ಟಿ ಮಿಲಿಮೀಟರಿನ ನೂರನೇ ಪಾಲುಗಳ ಲೆಕ್ಕದಲ್ಲಿ ಸರಿಮಾಡುವ ಕೆಲಸ ಅದು. ಬಿಇಎಂಎಲ್ ಕಾರ್ಖಾನೆ ಇರುವ, ಅದಕ್ಕೂ ಮುಂಚೆ ಗಣಿಯ ವರ್ಕ್‌ಶಾಪುಗಳಿದ್ದ ಕೆಜಿಎಫ್‌ನಲ್ಲಿ ಡಯಲ್ ಗೇಜ್ ಹಿಡಿದ ಕೈಗಳಿಗೆ ಬರವಿಲ್ಲ. ಕೆಲಸ ಕೊಡುವ ಮುಂಚೆ ಕೇಳಿ: “ಅಲೈನ್‌ಮೆಂಟ್ ಯಾವುದರಲ್ಲಿ ನೋಡ್ತೀರ?” ಉತ್ತರ ಬರೀ “ಕಣ್ಣಲ್ಲೇ ಗೊತ್ತಾಗುತ್ತೆ” ಎಂದಾದರೆ ಕ್ರಾಂಕ್ ವಾಪಸ್ ತನ್ನಿ.

ಬೋರ್ ಕೆಲಸವನ್ನು ಕೊನೆಗೆ ಇಡಬೇಕು ಎನ್ನುವುದಕ್ಕೆ ಖರ್ಚೊಂದೇ ಕಾರಣವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. 2022ರಲ್ಲಿ ಮತ್ತೆ ಬಂದ ಯೆಜ್ಡಿ ಫೋರ್ ಸ್ಟ್ರೋಕ್ ಗಾಡಿ, ಅದರ ಸಿಲಿಂಡರ್ ಇದಕ್ಕೆ ಆಗುವುದಿಲ್ಲ. ಒಂದೊಂದು ಸಲ ಬೋರ್ ಮಾಡಿಸಿದಾಗಲೂ ಮೈಸೂರಿನ ಆ ಎರಕದ ಕಬ್ಬಿಣ ಒಂದಿಷ್ಟು ಕರಗುತ್ತದೆ, ಓವರ್‌ಸೈಜ್ ಪಿಸ್ಟನ್ನಿನ ಒಂದು ಮೆಟ್ಟಿಲು ಮುಗಿಯುತ್ತದೆ. ಬೋಲ್ಟು ಬಿಗಿದು ಸರಿಹೋಗದಿದ್ದರೆ ಮತ್ತೆ ಬಿಚ್ಚಬಹುದು, ಜೆಟ್ ಬದಲಿಸಿದ್ದು ತಪ್ಪಾದರೆ ಹಳೆಯದನ್ನೇ ಹಾಕಬಹುದು. ಕೊರೆದ ಸಿಲಿಂಡರನ್ನು ಮಾತ್ರ ಹಿಂದಕ್ಕೆ ತರಲಾಗದು. ಹಾಗಾಗಿ “ಇಳಿಸಿಬಿಡೋಣ” ಎಂದವರ ಕೈಗೆ ಮೊದಲು ಗಾಡಿಯ ಕೀ ಕೊಟ್ಟು, ಮಾರಿಕುಪ್ಪಂವರೆಗೆ ಒಂದು ಸುತ್ತು ಹೋಗಿಬನ್ನಿ ಎನ್ನಿ.