ಡ್ಯಾಶ್‌ಬೋರ್ಡಿನ ಮಿರುಗು, ಗಾಲಿಯ ಮಸಿ

ಕಾರ್ಖಾನೆಯಿಂದ ಬರುವ ಡ್ಯಾಶ್‌ಬೋರ್ಡ್ ಸಾಮಾನ್ಯವಾಗಿ ಮಿರುಗುವುದಿಲ್ಲ. ಮೇಲ್ಮೈಯನ್ನು ತರಿತರಿಯಾಗಿ, ಮಂಕಾಗಿ ಬಿಟ್ಟಿರುತ್ತಾರೆ. ಅದು ಹೊಳೆದರೆ ಬಿಸಿಲಲ್ಲಿ ಪ್ರತಿಬಿಂಬ ಮುಂದಿನ ಗಾಜಿಗೆ ಬಿದ್ದು ರಸ್ತೆಯೇ ಮಸುಕಾಗುತ್ತದೆ. ವಾಟರ್ ಸರ್ವಿಸ್ ಮುಗಿಸಿ ಬಂದ ಕಾರಿನೊಳಗೆ ಕಾಣುವ ಥಳಥಳ ಎಷ್ಟೋ ಸಲ ಧೂಳಿನ ಮೇಲೇ ಬಳಿದ ಸಿಲಿಕೋನ್ ಪಾಲಿಶಿನದು. ಕೊಬ್ಬರಿ ಎಣ್ಣೆ ಸವರುವವರೂ ಇದ್ದಾರೆ. ಮೊದಲು ಧೂಳು ಮೆತ್ತುತ್ತದೆ, ಆಮೇಲೆ ಕಮಟು ವಾಸನೆ.

ಒಣ ಬಟ್ಟೆ ಹಿಡಿದು ಉಜ್ಜಲು ಹೊರಡಬಾರದು. ಧೂಳಿನಲ್ಲಿರುವ ಮರಳಿನ ಕಣ ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಗೇರಿನ ಸುತ್ತ ಹೊಳೆಯುವ ಕಪ್ಪು ಪಟ್ಟಿ ಇದ್ದರಂತೂ ಒಂದೇ ಒರೆತಕ್ಕೆ ಗೀರು ಬೀಳುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಎಸಿ ಕಿಂಡಿಗಳ ಧೂಳು ಸಡಿಲಿಸಿ ವ್ಯಾಕ್ಯೂಮಿನಿಂದ ಎಳೆದುಕೊಂಡು, ಹಿಂಡಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿದರೆ ಬಹುಪಾಲು ಕೆಲಸ ಆಯಿತು. ಶುಚಿಗೊಳಿಸುವ ದ್ರಾವಣ ಬಳಸುವುದಾದರೆ ಅದನ್ನು ಬಟ್ಟೆಗೆ ಸಿಂಪಡಿಸಬೇಕು. ನೇರವಾಗಿ ಸಿಂಪಡಿಸಿದರೆ ಸ್ವಿಚ್ಚುಗಳೊಳಗೆ ಇಳಿಯುತ್ತದೆ. ಟಚ್‌ಸ್ಕ್ರೀನಿಗೆ ಅಮೋನಿಯಾ ಇರುವ ಗಾಜಿನ ಕ್ಲೀನರ್ ಬೇಡ. ರಕ್ಷಣೆಗೆ ನೀರಿನ ಆಧಾರದ, ಹೊಳಪು ಕೊಡದ ಲೇಪ ಸಾಕು. ನಿಲ್ಲಿಸಿದಾಗ ಗಾಜಿಗೆ ಅಡ್ಡ ಇಡುವ ಸನ್‌ಶೇಡ್ ಅದಕ್ಕಿಂತಲೂ ಮೇಲು.

ಚರ್ಮದ ಸ್ಟೀರಿಂಗ್ ಹೊಳೆಯುತ್ತಿದ್ದರೆ ಅದು ಬೆವರು, ಕೈಯ ಜಿಡ್ಡು. ಬಿಳಿ ಬಟ್ಟೆಯನ್ನು ತೆಳು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿ, ಕೈ ಹಿಡಿಯುವ ಜಾಗವನ್ನು ಒರೆಸಿದರೆ ಬಟ್ಟೆ ಚಹಾದ ಕಲೆಯಂತೆ ಕಂದಾಗುತ್ತದೆ. ಮುಚ್ಚಿಹೋಗಿದ್ದ ಚರ್ಮದ ಸಣ್ಣ ಗೆರೆಗಳು ಮತ್ತೆ ಕಾಣುತ್ತವೆ.

ಗಾಲಿಯ ಕೊಳೆ ಬೇರೆ ಜಾತಿಯದು. ಬ್ರೇಕ್ ಹಾಕಿದಾಗಲೆಲ್ಲ ಡಿಸ್ಕ್ ಮತ್ತು ಪ್ಯಾಡ್ ಸವೆದು ಬಿಸಿ ಕಬ್ಬಿಣದ ಪುಡಿ ಹಾರುತ್ತದೆ. ನಿಲ್ಲಿಸುವ ಭಾರ ಹೆಚ್ಚಾಗಿ ಮುಂದಿನ ಬ್ರೇಕುಗಳದು, ಹಾಗಾಗಿ ಮುಂದಿನ ಗಾಲಿಗಳೇ ಹೆಚ್ಚು ಕಪ್ಪು. ಪುಡಿ ಅಲಾಯ್ ವೀಲಿನ ಮೇಲಿನ ಲ್ಯಾಕರಿಗೆ ಕಚ್ಚಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರಗಳ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಶಾಂಪೂವಿಗೆ ಬಿಡದ ಇದಕ್ಕೆ ಐರನ್ ರಿಮೂವರ್ ಬೇಕು. ಸಿಂಪಡಿಸಿದ ಸ್ವಲ್ಪ ಹೊತ್ತಿಗೆ ಕಂದು ಚುಕ್ಕೆಗಳಿಂದ ನೇರಳೆ ರಸ ಒಸರಿ, ನೇರಳೆ ಹಣ್ಣು ಹಿಸುಕಿದ ಹಾಗೆ ಕೆಳಗಿಳಿಯುತ್ತದೆ. ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ಗಾಲಿ ತಣ್ಣಗಿರಬೇಕು, ನೆರಳಿರಬೇಕು, ರಸ ಒಣಗುವ ಮೊದಲೇ ತೊಳೆಯಬೇಕು. ಆಸಿಡ್ ಹತ್ತಿರ ಸುಳಿಯಬಾರದು: ಲ್ಯಾಕರ್ ಒಡೆದ ಕಡೆ ಅಲ್ಯೂಮಿನಿಯಮ್ ಬೆಳ್ಳಗೆ ಸುಟ್ಟುಹೋಗುತ್ತದೆ. ಗಾಲಿಗೆ ಬಳಸಿದ ಬಟ್ಟೆ, ಬಕೆಟ್ಟು ಕಾರಿನ ಮೈಗೆ ತಾಗದಿರಲಿ.

ಟೈರಿನ ಪಕ್ಕೆಯ ಕಂದು ಬಣ್ಣ ಬರೀ ಕೆಸರಲ್ಲ. ರಬ್ಬರು ಬಿರಿಯದಂತೆ ಬೆರೆಸಿದ ರಾಸಾಯನಿಕ ಮೇಲೆ ಬಂದು ಹಾಗಾಗುತ್ತದೆ. ಬ್ರಷ್ಷಿನಿಂದ ತಿಕ್ಕಿ, ನೀರಿನ ಆಧಾರದ ಡ್ರೆಸಿಂಗ್ ತೆಳುವಾಗಿ ಸವರಿದರೆ ಆಯಿತು. ರಬ್ಬರನ್ನು ಉಬ್ಬಿಸುವ ಡೀಸೆಲ್ ಒರೆಸುವ ಹಳೆಯ ಚಾಳಿ ಬಿಡಬೇಕು. ನೆಲಕ್ಕೆ ತಾಗುವ ಟ್ರೆಡ್ಡಿಗೆ, ಡಿಸ್ಕಿಗೆ ಯಾವ ಪಾಲಿಶೂ ತಾಗಬಾರದು. ತೊಳೆದ ಮರುದಿನ ಡಿಸ್ಕಿನ ಮೇಲೆ ಕಾಣುವ ತೆಳು ತುಕ್ಕಿಗೆ ಗಾಬರಿ ಬೇಡ, ನಿಧಾನವಾಗಿ ಓಡಿಸುತ್ತ ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.