ಸದ್ದಿಗೆ ಸೊನ್ನೆ, ಬುಷ್‌ಗೆ ನೂರು

ಬಂಕಾಪುರ ಟೋಲ್‌ನಿಂದ ಚಳಗೇರಿ ಟೋಲ್‌ವರೆಗೆ ರಾಷ್ಟ್ರೀಯ ಹೆದ್ದಾರಿ 48 ಹಾವೇರಿ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ನಡುವೆ ಹಾವೇರಿ, ಬ್ಯಾಡಗಿಗೆ ತಿರುಗುವ ಮೋಟೆಬೆನ್ನೂರು, ಆಮೇಲೆ ರಾಣೆಬೆನ್ನೂರು. ಈ ದಾರಿಯಲ್ಲಿ ಮುಂದಿನ ಬಂಪರ್‌ಗೆ ಕಪ್ಪು ಲಿಪ್ ಅಂಟಿಸಿಕೊಂಡು, ಸ್ಪ್ರಿಂಗ್ ಬದಲಿಸಿ ನೆಲ ಸವರುವಂತೆ ಡೌನ್ ಮಾಡಿಸಿಕೊಂಡು, ಸೈಲೆನ್ಸರ್‌ನಲ್ಲಿ ಪಟಾಕಿ ಹೊಡೆಸುತ್ತ ಹೋಗುವ ಪೋಲೋ ಕಂಡರೆ ಚಹದಂಗಡಿಯ ಹುಡುಗರು ತಿರುಗಿ ನೋಡುತ್ತಾರೆ. ಅದರ ಹಿಂದೆಯೇ ಕಂಪನಿ ಬಣ್ಣ, ಕಂಪನಿ ಚಕ್ರ, ಹತ್ತು ವರ್ಷ ದಾಟಿದರೂ ಕಟಕಟ ಎನ್ನದ ಇನ್ನೊಂದು ಪೋಲೋ ಹೋದರೆ ಯಾರ ಕತ್ತೂ ಹೊರಳುವುದಿಲ್ಲ. ಹವ್ಯಾಸವೆಂದು ತೂಗಿದರೆ ಹೆಚ್ಚು ತಲೆ, ಹೆಚ್ಚು ತಾಳ್ಮೆ ಖರ್ಚಾಗಿರುವುದು ಈ ಎರಡನೆಯದಕ್ಕೆ.

ಯುರೋಪಿನ ಹ್ಯಾಚ್‌ಬ್ಯಾಕ್ ಸಾಕುವ ಹುಚ್ಚು ಬೆಂಗಳೂರು, ಪುಣೆಗಳಿಂದ ಇದೇ ಹೆದ್ದಾರಿ ಹಿಡಿದು ಸಣ್ಣ ಊರುಗಳಿಗೂ ಬಂದಿದೆ. ಕೆಎ-27, ಕೆಎ-68 ಸಂಖ್ಯೆಯ ಈ ಕಾರುಗಳಿಗೆ ಸಿಗುವ ರಸ್ತೆ, ಧೂಳು, ಗ್ಯಾರೇಜು ಮಾತ್ರ ಬೇರೆ. ಆದ್ದರಿಂದ ಈ ಹವ್ಯಾಸವನ್ನು ಇಲ್ಲಿಯ ಅಳತೆಗೋಲಿನಿಂದಲೇ ಅಳೆಯಬೇಕು.

ಮೊದಲು ಕಾರಿನ ಮಾತು. ಫೋಕ್ಸ್‌ವ್ಯಾಗನ್ ಪೋಲೋ ಪುಣೆ ಹತ್ತಿರದ ಚಾಕಣ ಕಾರ್ಖಾನೆಯಿಂದ ಭಾರತದ ಮಾರುಕಟ್ಟೆಗೆ ಬಂದದ್ದು 2010ರಲ್ಲಿ. 2022ರಲ್ಲಿ 700 ‘ಲೆಜೆಂಡ್’ ಕಾರುಗಳ ಕೊನೆಯ ಕಂತಿನೊಂದಿಗೆ ನಿಂತುಹೋಯಿತು. ನಾಲ್ಕು ಮೀಟರಿಗಿಂತ ಚಿಕ್ಕ ಕಾರಿಗೆ ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ಮೀರದಿದ್ದರೆ ತೆರಿಗೆ ಕಡಿಮೆ ಎಂಬ ನಮ್ಮ ಸರ್ಕಾರದ ಲೆಕ್ಕಕ್ಕೆ ತಕ್ಕಂತೆ ಜರ್ಮನ್ನರು 1.2 ಲೀಟರ್ ಟಿಎಸ್‌ಐ ಪೆಟ್ರೋಲ್, 1.5 ಲೀಟರ್ ಟಿಡಿಐ ಡೀಸೆಲ್ ಎಂಜಿನ್ ಕೊಟ್ಟರು. 2013ರ ಜಿಟಿ ಟಿಎಸ್‌ಐಗೆ 105 ಅಶ್ವಶಕ್ತಿ, 175 ಎನ್‌ಎಂ ಟಾರ್ಕ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್ ಪೆಟ್ಟಿಗೆ. ಜಿಟಿ ಟಿಡಿಐಗೆ 250 ಎನ್‌ಎಂ. ಅಂದಿನ ಸಣ್ಣ ಕಾರುಗಳಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಫಿಯೆಟ್ ಅದಕ್ಕೂ ಮೊದಲೇ ಬಂದಿತ್ತು. 2001ರ ಪಾಲಿಯೋ, 2009ರ ಪುಂಟೋ, 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೋ. ಈಗ ಫಿಯೆಟ್ ಭಾರತದಲ್ಲಿ ಹೊಸ ಕಾರು ಮಾರುವುದನ್ನೇ ಬಿಟ್ಟಿದೆ. ಹೀಗಾಗಿ ಇವೆಲ್ಲ ಷೋರೂಮಿನಲ್ಲಿ ಸಿಗದ ಕಾರುಗಳು. ಕೈಯಲ್ಲಿದ್ದುದನ್ನು ಕಾಪಾಡಿಕೊಳ್ಳಬೇಕು, ಇಲ್ಲವೇ ಹಳೆಯದನ್ನು ಹುಡುಕಿ ಕೊಳ್ಳಬೇಕು.

ಕೊಂಡ ತಕ್ಷಣ ಕೈ ಹೋಗುವುದು ಚಕ್ರಕ್ಕೆ. ಪೋಲೋದ 15 ಇಂಚಿನ ಚಕ್ರಕ್ಕೆ 185/60 ಟೈರು. ಅದರ ಗೋಡೆಯ ಎತ್ತರ 111 ಮಿಲಿಮೀಟರ್. 17 ಇಂಚಿನ ಅಲಾಯ್ ಹಾಕಿ 205/40 ಟೈರು ಏರಿಸಿದರೆ ಆ ಗೋಡೆ 82ಕ್ಕೆ ಇಳಿಯುತ್ತದೆ. ಚಿತ್ರ ತೆಗೆಸಿಕೊಳ್ಳಲು ಚೆಂದ. ಆದರೆ ಮಳೆಗಾಲ ಮುಗಿದ ಮೇಲೆ ಹಾನಗಲ್ ಕಡೆಗೋ ಗುತ್ತಲ ಕಡೆಗೋ ಹೊರಟರೆ ಗುಂಡಿಯ ಅಂಚು ಟೈರನ್ನು ಒತ್ತಿ ರಿಮ್‌ಗೇ ಬಡಿಯುತ್ತದೆ. ಡೌನ್ ಮಾಡಿಸುವುದಂತೂ ಇನ್ನೂ ದಂಡದ ಕೆಲಸ. ಪೋಲೋದ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಸುಮಾರು 165 ಮಿಲಿಮೀಟರ್. ಇಂಡಿಯನ್ ರೋಡ್ ಕಾಂಗ್ರೆಸ್ ಹೇಳುವ ಹಂಪ್‌ನ ಎತ್ತರ 100. ಊರ ಜನ ಅಪಘಾತವಾದ ಮರುದಿನ ಸಿಟ್ಟಿನಲ್ಲಿ ಹಾಕಿಸಿಕೊಂಡ ಹಂಪ್‌ಗೆ ಯಾವ ಕಾಂಗ್ರೆಸ್ಸಿನ ಅಳತೆಯೂ ಇಲ್ಲ. 35 ಮಿಲಿಮೀಟರ್ ಇಳಿಸಿದ ಕಾರು ಅದನ್ನು ಓರೆಯಾಗಿ, ಹಿಂದಿನ ಟ್ರ್ಯಾಕ್ಟರಿನವನಿಂದ ಬೈಸಿಕೊಳ್ಳುತ್ತ ದಾಟಬೇಕು. ಕಾರನ್ನು ಅದು ಓಡುವ ರಸ್ತೆಗೆ ಹೆಚ್ಚು ಹೊಂದಿಸುವುದು ಮಾರ್ಪಾಡಿನ ಉದ್ದೇಶವಾದರೆ ಹಾವೇರಿಯಲ್ಲಿ ಈ ಎರಡೂ ಸೋತ ಪ್ರಯೋಗಗಳು.

ಸೈಲೆನ್ಸರ್‌ಗೆ ಹೆಚ್ಚು ಸಾಲು ಬೇಡ. ಸದ್ದು ಹೆಚ್ಚುತ್ತದೆ, ವೇಗ ಹೆಚ್ಚಿದಂತೆ ಅನ್ನಿಸುತ್ತದೆ, ಅಷ್ಟೇ.

ರಿಮ್ಯಾಪ್ ಹಾಗಲ್ಲ. ಅದು ನಿಜಕ್ಕೂ ಕೆಲಸ ಮಾಡುತ್ತದೆ. ಅದಕ್ಕೇ ಅದನ್ನು ಗಂಭೀರವಾಗಿ ನೋಡಬೇಕು. ಎಂಜಿನ್ನಿನ ಕಂಪ್ಯೂಟರಿನಲ್ಲಿ ಇಂಧನ, ಗಾಳಿಯ ಒತ್ತಡ, ಕಿಡಿಯ ಹೊತ್ತು ಇವುಗಳ ಲೆಕ್ಕ ಬರೆದಿರುತ್ತದೆ. ಟ್ಯೂನರ್ ಆ ಲೆಕ್ಕವನ್ನು ತಿದ್ದುತ್ತಾನೆ. ಟರ್ಬೊ ಇರುವ ಟಿಎಸ್‌ಐ, ಟಿಡಿಐಗಳಲ್ಲಿ ಒಂದೇ ಒಂದು ನಟ್ಟು ಬಿಚ್ಚದೆ ಬಲ ಏರುತ್ತದೆ. ಲಾರಿಗಳ ಸಾಲನ್ನು ಹಿಂದೆ ಹಾಕುವಾಗ ಅದರ ಸುಖ ಗೊತ್ತಾಗುತ್ತದೆ. ಬೆಲೆ ತೆರುವುದು ಬೇರೆ ಭಾಗಗಳು. ಜಿಟಿ ಟಿಎಸ್‌ಐನ ಡಿಎಸ್‌ಜಿ ಪೆಟ್ಟಿಗೆಯಲ್ಲಿ ಎಣ್ಣೆಯಲ್ಲಿ ಮುಳುಗದ ಎರಡು ಒಣ ಕ್ಲಚ್‌ಗಳಿವೆ. ಅದರ ತಾಳಿಕೆಯ ಮಿತಿ 250 ಎನ್‌ಎಂ. ಕಂಪನಿ 175ಕ್ಕೇ ನಿಲ್ಲಿಸಿ ಉಳಿಸಿಟ್ಟ ಅಂತರವನ್ನು ರಿಮ್ಯಾಪ್ ಕಬಳಿಸುತ್ತದೆ. ಆ ಅಂತರ ಇದ್ದದ್ದು ಮೇ ತಿಂಗಳ ಬಿಸಿಲಿನಲ್ಲಿ, ರಾಣೆಬೆನ್ನೂರಿನ ಸಂತೆ ದಟ್ಟಣೆಯಲ್ಲಿ ಕಾರು ತೆವಳುವ ಹೊತ್ತಿಗಾಗಿ.

ಇನ್ನೊಂದು ವಿಷಯವನ್ನು ಪೋಲೋ ಪ್ರೇಮಿಗಳು ಅಷ್ಟಾಗಿ ಮಾತಾಡುವುದಿಲ್ಲ. ಸಾಫ್ಟ್‌ವೇರ್ ತಿದ್ದುವುದರಲ್ಲಿ ಅವರ ಪ್ರೀತಿಯ ಕಂಪನಿಯೇ ಎಲ್ಲರಿಗೂ ಗುರು. ಪರೀಕ್ಷೆಯ ಹೊತ್ತಿಗೆ ಹೊಗೆ ಕಡಿಮೆ, ರಸ್ತೆಯಲ್ಲಿ ಹೆಚ್ಚು ಉಗುಳುವಂತೆ ಬರೆದ ಡೀಸೆಲ್ ಎಂಜಿನ್ನಿನ ಲೆಕ್ಕ 2015ರಲ್ಲಿ ಅಮೆರಿಕದಲ್ಲಿ ಬಯಲಾಯಿತು. ಅದೇ ಡಿಸೆಂಬರಿನಲ್ಲಿ ಭಾರತದಲ್ಲೂ 3,23,700 ಕಾರುಗಳನ್ನು ಸಾಫ್ಟ್‌ವೇರ್ ಬದಲಿಸಲು ವಾಪಸು ಕರೆಯುವುದಾಗಿ ಕಂಪನಿ ಹೇಳಿತು. 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಇಲ್ಲಿಯ ನಿಯಮ ಮುರಿದಿಲ್ಲವೆಂದು ಕಂಪನಿ ವಾದಿಸಿತು, ಸುಪ್ರೀಂ ಕೋರ್ಟಿನಿಂದ ತಡೆಯೂ ಸಿಕ್ಕಿತು. ಹಾಗಿದ್ದರೂ ‘ಜರ್ಮನ್ ಎಂಜಿನಿಯರಿಂಗ್’ ಎಂಬ ಮಾತನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳುವವರು ಈ ಕತೆಯನ್ನೂ ಓದಿಕೊಂಡಿರಬೇಕು.

ಕಾನೂನು ಈ ಹವ್ಯಾಸಕ್ಕೆ ಬಿಟ್ಟಿರುವ ಜಾಗ ಇಕ್ಕಟ್ಟಿನದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಡಾಖಂಡಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ 182ಎ ಕಲಮು ಸೇರಿಸಿತು: ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. 2024ರ ಜುಲೈನಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಬೆನ್ನು ಹತ್ತಿದ್ದು ಸರಿಯಾಗಿಯೇ ಇತ್ತು. ಎರಡು ಪಥದ ಹಿರೇಕೆರೂರು ರಸ್ತೆಯಲ್ಲಿ ರಾತ್ರಿ ಬೈಕ್ ಓಡಿಸಿದವರು ಇದನ್ನು ಒಪ್ಪುತ್ತಾರೆ. ವಿಮೆಯ ಮಾತು ಇನ್ನೂ ಖಾರ. ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆ ಅಪಘಾತದ ಮರುದಿನ ಕ್ಲೇಮಿಗೆ ಅಡ್ಡ ಬರಬಹುದು.

ಹಾಗಾದರೆ ಈ ಹವ್ಯಾಸದಲ್ಲಿ ಹೊಗಳುವಂಥದ್ದು ಏನೂ ಇಲ್ಲವೇ? ಇದೆ. ಅದನ್ನು ನೋಡಲು ಕಾರಿನ ಕೆಳಗೆ ಮಲಗಬೇಕು.

ಮುಂದಿನ ಚಕ್ರದ ಒಳಬದಿಯಲ್ಲಿ ಲೋವರ್ ಆರ್ಮ್ ಇರುತ್ತದೆ. ಅದು ಚಾಸಿಗೆ ಸೇರುವಲ್ಲಿ ಹಿಡಿಯೊಳಗೆ ಅಡಗುವಷ್ಟು ಗಾತ್ರದ ರಬ್ಬರ್ ಬುಷ್, ನಡುವೆ ಉಕ್ಕಿನ ಕೊಳವೆ. ಪೋಲೋ ಇಟ್ಟುಕೊಂಡವರಿಗೆಲ್ಲ ಪರಿಚಯದ ‘ಕಟ್’ ಶಬ್ದ ಹುಟ್ಟುವ ಜಾಗಗಳಲ್ಲಿ ಇದೂ ಒಂದು. ಸಂದಿಗೆ ಸಬ್ಬಲ್ ತೂರಿಸಿ ಮೀಟಿದರೆ ಸವೆದ ಬುಷ್‌ನಲ್ಲಿ ಬಾಯಿ ಬಿಟ್ಟ ಬಿರುಕು ಕಾಣುತ್ತದೆ. ಅವಸರದ ಗ್ಯಾರೇಜಿನಲ್ಲಿ ಸುತ್ತಿಗೆಯಿಂದ ಹಳೆಯದನ್ನು ಹೊಡೆದು ತೆಗೆದು, ಹೊಸದನ್ನು ಹೊಡೆದು ಕೂರಿಸಿ, ಕಾರು ಜ್ಯಾಕಿನ ಮೇಲೆ ತೂಗಾಡುತ್ತಿರುವಾಗಲೇ ಬೋಲ್ಟ್ ಬಿಗಿಯುತ್ತಾರೆ. ಬಲ್ಲವರು ಪ್ರೆಸ್‌ನಲ್ಲಿ ಒತ್ತಿ ಕೂರಿಸುತ್ತಾರೆ. ಬೋಲ್ಟನ್ನು ಮೊದಲು ಸಡಿಲವಾಗಿ ಹಿಡಿಸಿ, ಚಕ್ರ ನೆಲ ಮುಟ್ಟಿ ಕಾರಿನ ಭಾರ ಕೂತ ಮೇಲೆ ಕೊನೆಯ ಬಿಗಿ ಕೊಡುತ್ತಾರೆ. ಗಾಳಿಯಲ್ಲಿ ಬಿಗಿದರೆ ಕಾರು ಇಳಿದಾಗ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ, ಬೇಗನೆ ಹರಿಯುತ್ತದೆ. ಬೋಲ್ಟ್ ಕೂಡ ಹೊಸದೇ ಆಗಬೇಕು. ಇಂಥ ಜಾಗಗಳಲ್ಲಿ ಜರ್ಮನ್ನರು ಹಾಕುವ ಎಷ್ಟೋ ಬೋಲ್ಟ್‌ಗಳು ಬಿಗಿಯುವಾಗ ಹಿಗ್ಗುವಂಥವು, ಒಂದೇ ಸಲದ ಬಳಕೆಯವು. ಈ ವಿವರ ತಿಳಿದ ಮೇಸ್ತ್ರಿಯ ಕೆಲಸ ಹೊರಗೆ ಎಲ್ಲೂ ಕಾಣುವುದಿಲ್ಲ. ಮೋಟೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವಾಗ ಸ್ಟಿಯರಿಂಗ್ ಹಿಡಿದ ಅಂಗೈಗೆ ಮಾತ್ರ ಗೊತ್ತಾಗುತ್ತದೆ.

ಹಾವೇರಿ ಸೀಮೆಯ ಹೋರಿ ಹಬ್ಬ ಕಂಡವರಿಗೆ ಮೆರುಗಿಗೂ ಆರೈಕೆಗೂ ಇರುವ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಕೊಬ್ಬರಿ ಹಾರ, ಬಲೂನು, ಜೂಲು ಎಲ್ಲ ಅಖಾಡದ ಆ ಗಳಿಗೆಗೆ. ಹೋರಿ ಓಡುವುದು ವರ್ಷವಿಡೀ ಹಾಕಿದ ಮೇವಿನ ಮೇಲೆ.

ಕಂಪನಿಯ ಸರ್ವಿಸ್‌ಗೆಂದು ಹುಬ್ಬಳ್ಳಿಗೆ ಹೊರಟರೆ ಹಾವೇರಿಯಿಂದ ಎಪ್ಪತ್ತು ಚಿಲ್ಲರೆ ಕಿಲೋಮೀಟರ್, ರಾಣೆಬೆನ್ನೂರಿನಿಂದ ನೂರರ ಮೇಲೆ. ಆ ದೂರವೇ ಇಲ್ಲಿಯ ಹವ್ಯಾಸಿಯನ್ನು ಓದಿಸುತ್ತದೆ. ಎಂಜಿನ್ ಆಯಿಲ್ ಡಬ್ಬಿಯ ಮೇಲೆ 5ಡಬ್ಲ್ಯು-40 ಎಂದಿದ್ದರೆ ಸಾಲದು, ಫೋಕ್ಸ್‌ವ್ಯಾಗನ್ನಿನದೇ ಆದ 502, 505, 507 ಎಂಬ ಸಂಖ್ಯೆಗಳಲ್ಲಿ ತನ್ನ ಎಂಜಿನ್ನಿಗೆ ಯಾವುದು ಹೊಂದುತ್ತದೆಂದು ಅವನಿಗೆ ಬಾಯಿಪಾಠ. ಹನ್ನೆರಡು ಮೂಲೆಯ ಬೋಲ್ಟಿಗೆ ಅಲನ್ ಕೀ ತುರುಕಿ ತಲೆ ಸವೆಸಬಾರದೆಂದು ಬಿಟ್ ಸೆಟ್ಟನ್ನು ಡಿಕ್ಕಿಯಲ್ಲೇ ಇಟ್ಟುಕೊಂಡಿರುತ್ತಾನೆ. ‘ಸ್ಕ್ಯಾನರ್ ಇಲ್ಲದ ಏನೂ ಹೇಳಾಕ ಬರೂದಿಲ್ರಿ’ ಎನ್ನುವ ಮೇಸ್ತ್ರಿಗೆ ತಾನೇ ಕೇಬಲ್ಲು, ಲ್ಯಾಪ್‌ಟಾಪು ಒದಗಿಸುತ್ತಾನೆ. ಡೀಸೆಲ್ ಪೋಲೋದ ಟೈಮಿಂಗ್ ಬೆಲ್ಟ್ ಹರಿದರೆ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಎಂಜಿನ್ನೇ ಹೋಗುತ್ತದೆಂದು ತಿಳಿದು, ಕಿಲೋಮೀಟರ್ ತುಂಬದಿದ್ದರೂ ವರ್ಷ ನೋಡಿ ಬದಲಿಸುತ್ತಾನೆ.

ಫಿಯೆಟ್‌ನವರ ಪಾಡು ಮೇಲ್ನೋಟಕ್ಕೆ ಇನ್ನೂ ಕಷ್ಟ. ಕಂಪನಿಯೇ ಅಂಗಡಿ ಮುಚ್ಚಿದೆ. ಆದರೆ ಡೀಸೆಲ್ ಪುಂಟೋದ 1.3 ಲೀಟರ್ ಮಲ್ಟಿಜೆಟ್ ಎಂಜಿನ್ನೇ ಮಾರುತಿ ಸ್ವಿಫ್ಟ್ ಡಿಡಿಐಎಸ್‌ನ ಬಾನೆಟ್ಟಿನಡಿ ಇದ್ದದ್ದು. ಸ್ವಿಫ್ಟ್ ಡೀಸೆಲ್ ಬಿಚ್ಚದ ಗ್ಯಾರೇಜು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಇರಲಿಕ್ಕಿಲ್ಲ. ಎಂಜಿನ್ನಿನ ಚಿಂತೆ ಅಲ್ಲಿಗೆ ಅರ್ಧ ಕರಗುತ್ತದೆ. ಬಾಗಿಲಿನ ಬೀಡಿಂಗು, ಹೆಡ್‌ಲೈಟು, ಬಂಪರುಗಳಿಗಾಗಿ ಮಾತ್ರ ಗುಜರಿ ಅಲೆಯಬೇಕು. ಹಳೆ ಪುಂಟೋವನ್ನು ಹೀಗೆ ನಡೆಸಿಕೊಂಡು ಬಂದವರ ಜಾಣ್ಮೆ ಲಕ್ಷ ರೂಪಾಯಿ ಅಲಾಯ್‌ಗಿಂತ ದೊಡ್ಡದು.

ಊರಿಗೊಂದು ಪಾಠವೂ ಇದೆ. ಸುಗ್ಗಿಯ ಸೋಮವಾರ, ಗುರುವಾರ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲಗಳು ಬಂದಿಳಿಯುವಾಗ ಗಾಳಿಯೇ ಕೆಮ್ಮಿಸುತ್ತದೆ. ಅಲ್ಲಿ ಓಡಾಡುವ ಕಾರಿನ ಎಸಿ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ ಗಡುವಿಗೆ ಕಾಯದೆ ಬದಲಿಸಬೇಕು. ಎರೆಮಣ್ಣಿನ ಹೊಲದ ದಾರಿಯಲ್ಲಿ ಓಡಿದ ಕಾರಿನ ಮಡ್‌ಗಾರ್ಡ್ ಒಳಗೆ ಮಣ್ಣು ಗಟ್ಟಿಯಾಗಿ ಕೂತು ತುಕ್ಕಿಗೆ ದಾರಿ ಮಾಡುತ್ತದೆ. ಪೆಟ್ರೋಲಿನ ಸಮಸ್ಯೆ ಹೊಸತು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. ಪೋಲೋ ನಿಂತುಹೋದದ್ದು 2022ರಲ್ಲಿ, ಇ20ಗೆ ಹೊಂದುವ ಭಾಗಗಳು ಹೊಸ ಕಾರುಗಳಲ್ಲಿ ಕಡ್ಡಾಯವಾಗಿ ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಹಳೆ ಕಾರಿನ ರಬ್ಬರ್ ಪೈಪು, ಸೀಲುಗಳ ಮೇಲೆ ಕಣ್ಣಿಡುವುದು ಅನಿವಾರ್ಯ. ತಮಾಷೆಯೆಂದರೆ ಈಚೆಗೆ ಎಥನಾಲ್‌ಗೆ ದೊಡ್ಡ ಕಚ್ಚಾವಸ್ತು ಗೋವಿನಜೋಳ, ಹಾವೇರಿ ಜಿಲ್ಲೆ ಬೆಳೆಯುವುದೂ ಅದನ್ನೇ.

ಬಲದ ಆಸೆ ತಪ್ಪೆಂದು ಹೇಳಬೇಕಿಲ್ಲ, ಅದಕ್ಕೆ ಬೇರೆ ಜಾಗವಿದೆ. ರಾಷ್ಟ್ರೀಯ ರ‍್ಯಾಲಿಗಳಲ್ಲಿ ಪೋಲೋ ಓಡಿಸಿ ಗೆದ್ದ ಬೆಂಗಳೂರಿನ ಕರ್ಣ ಕಡೂರ್ ಅವರ ಕಾರೂ ಮಾರ್ಪಾಡಾದದ್ದೇ. ಅಲ್ಲಿ ದಾರಿ ಮುಚ್ಚಿರುತ್ತದೆ, ಪರವಾನಗಿ ಇರುತ್ತದೆ, ಕಾರಿನೊಳಗೆ ಕಬ್ಬಿಣದ ಪಂಜರವಿರುತ್ತದೆ. ಸಾರ್ವಜನಿಕ ರಸ್ತೆಯ ಹವ್ಯಾಸ ಎಂದೆಂದಿಗೂ ನಡೆಯುವುದಿಲ್ಲ ಎಂಬುದಕ್ಕೆ ಆಸ್ಟ್ರಿಯಾದ ವೋರ್ಥರ್ ಸರೋವರದ ಉದಾಹರಣೆ ನೋಡಬಹುದು. ಫೋಕ್ಸ್‌ವ್ಯಾಗನ್ನಿನದೇ ಇನ್ನೊಂದು ಕಾರಾದ ಗಾಲ್ಫ್ ಜಿಟಿಐನ ಅಭಿಮಾನಿಗಳು 1982ರಿಂದ ಅಲ್ಲಿ ಜಾತ್ರೆ ಸೇರುತ್ತಿದ್ದರು. ಊರಿನಲ್ಲಿ ಕಲ್ಲಿನ ಗಾಲ್ಫ್ ಕಾರನ್ನೇ ಕಡೆದು ನಿಲ್ಲಿಸಲಾಗಿತ್ತು. ಅಂಥ ಊರೇ 2023ರಿಂದ ಜಾತ್ರೆ ಬೇಡವೆಂದಿತು.

ಈ ಹವ್ಯಾಸದ ಒಂದು ದೊಡ್ಡ ಕೊರತೆಯೆಂದರೆ ದಾಖಲೆ. ಬಂಪರ್ ಬದಲಿಸಿದ ಚಿತ್ರ ನೂರಿರುತ್ತವೆ, ಕೂಲಂಟ್ ಬದಲಿಸಿದ ತಾರೀಖು ಎಲ್ಲೂ ಇರುವುದಿಲ್ಲ. ಬುಷ್ ಒತ್ತಿದ ಮೇಸ್ತ್ರಿಯ ಹೆಸರನ್ನಂತೂ ಯಾರೂ ಬರೆದಿಡುವುದಿಲ್ಲ. 2010, 2011ರ ಪೋಲೋಗಳಿಗೆ ಈಗ ಹದಿನೈದು ವರ್ಷ ತುಂಬಿ, ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲುವ ಸರದಿ ಬಂದಿದೆ. ಈ ಸೀಮೆಯಲ್ಲಿ ಹಳೆ ಪೋಲೋ ಕೊಳ್ಳುವ ಯೋಚನೆ ಇರುವವರು ಮಾರುವವನ ಕೈಯಿಂದ ಎರಡು ಕಾಗದ ಇಸಿದುಕೊಳ್ಳಿ: ಟೈಮಿಂಗ್ ಬೆಲ್ಟ್ ಅಥವಾ ಡಿಎಸ್‌ಜಿ ಕೆಲಸದ ಬಿಲ್ಲು, ಮತ್ತು ಆಯಿಲ್ ಬದಲಿಸಿದ ಚೀಟಿ. ಅವು ಇಲ್ಲದೆ ಬರೀ ದೊಡ್ಡ ಚಕ್ರ, ದೊಡ್ಡ ಸದ್ದು ಇದ್ದರೆ ಆ ಕಾರನ್ನು ಬಿಟ್ಟು ಮುಂದಿನದನ್ನು ನೋಡಿ.